ಬಾಣಂತಿಯ ಕೋಣೆಯೂ ನೆತ್ತರಿನ ಗರಣೆಯೂ

ಹರಿಹರ ತಾಲ್ಲೂಕಿನ ಭಾನುವಳ್ಳಿಯಿಂದ ನಮ್ಮ ವಾಚಕರಾದ ಗೃಹಸ್ಥರೊಬ್ಬರು ಕಾಗದ ಬರೆದಿರುವರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳಿಗೆ ಸುಖಪ್ರಸವವಾಗಿ, ಹನ್ನೆರಡನೆಯ ದಿನ ತಲೆನೋವು ಕಾಣಿಸಿಕೊಂಡಿತಂತೆ. ಶೀತವೆಂದು ತಲೆಗೆ ಬಟ್ಟೆಯನ್ನು ಇನ್ನಷ್ಟು ಬಿಗಿದು ಕಟ್ಟಿದರು; ದೃಷ್ಟಿಯಾಗಿರಬಹುದೆಂದು ನಿವಾಳಿಸಿದರು; ಹಣೆಗೆ ಶುಂಠಿಯನ್ನು ತೇಯ್ದು ಹಚ್ಚಿದರು. ಮೂರನೆಯ ದಿನ ವಾಂತಿಯಾಯಿತು. ನಾಲ್ಕನೆಯ ದಿನ ಬೆಳಗಿನ ಜಾವದಲ್ಲಿ ಫಿಟ್ಸು ಬಂದು ಕೈಕಾಲುಗಳು ಸೆಟೆದವು. ಒಡನೆಯೇ ದಾವಣಗೆರೆಗೆ ಕರೆದೊಯ್ದರು. ಅಲ್ಲಿ ತಲೆಯ ಸ್ಕ್ಯಾನಿಂಗ್ ಮಾಡಿಸಿದ ಡಾಕ್ಟರು, ಮಿದುಳಿನ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಿದೆಯೆಂದು ಹೇಳಿದರಂತೆ. ದೈವಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಮಗಳು ಗುಣಮುಖಳಾಗಿ ಮಗುವಿಗೆ ಹಾಲೂಡಿಸುತ್ತಿರುವಳು. "ಗಾಯವಿಲ್ಲ, ಪೆಟ್ಟಿಲ್ಲ, ಮೈಯೊಳಗೆ ಹರಿಯುತ್ತಿರುವ ನೆತ್ತರು ತಾನಾಗಿ ಏಕೆ ಹೆಪ್ಪುಗಟ್ಟಬೇಕು? ನಮ್ಮ ಆರೈಕೆಯಲ್ಲೇನಾದರೂ ಕೊರತೆಯಾಯಿತೆ?" ಎಂದು ಅವರು ಕೇಳಿರುವರು.

ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ತೂಕವಾದುದು. ಆದರೆ ಮೊದಲನೆಯದಕ್ಕೆ ಉತ್ತರ ತಿಳಿಯದ ಹೊರತು ಎರಡನೆಯದು ಅರ್ಥವಾಗುವಂತಿಲ್ಲ. ಆದಕಾರಣ ಈ ತಿಂಗಳ ನಮ್ಮ ಪುಟಗಳನ್ನೆಲ್ಲ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಬಾಣಂತನದ ಹೊಣೆಯನ್ನು ಹೊತ್ತಿರುವ ಮನೆಯ ಹಿರಿಯ ತಾಯಂದಿರಿಗೆ ಇದನ್ನು ಯಾರಾದರೂ ಓದಿ ಹೇಳಿದರೆ ನಮ್ಮ ಶ್ರಮ ಸಾರ್ಥಕವಾಗುವುದು.

ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವ ಮಾತನ್ನೇ ನಮ್ಮ ಜನರು ನೆತ್ತರಿಗೂ ಹೇಳುತ್ತ ಬಂದಿರುವರು. ಹೋಲಿಕೆ ಚೆನ್ನಾಗಿಯೇ ಇದೆ. ಆದರೆ ಒಂದು ಭೇದವುಂಟು. ಹಾಲಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು. ನೆತ್ತರಿನಲ್ಲಾದರೋ ಹೆಪ್ಪು ಹುಟ್ಟಿನಿಂದಲೇ ಬೆರೆತಿದ್ದು, ನಿದ್ರೆಯಲ್ಲಿರುವುದು. ಅದನ್ನು ಎಚ್ಚರಿಸುವ ಕಾರಣವೊಂದು ಒದಗಿದಾಗ ಮಾತ್ರ ಅದು ತನ್ನ ಕೆಲಸಕ್ಕೆ ತೊಡಗುವುದು.

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರು ನೆತ್ತರು ಇರುವುದು. ಅದರಲ್ಲಿ ಕೆಂಪು ಕಣಗಳೂ ಬಿಳಿಯ ಕಣಗಳೂ ಇರುವುದಲ್ಲದೆ, ಪ್ಲೇಟ್‌ಲೆಟ್ ಎಂಬ ಬಹು ಸಣ್ಣ ಬಿಲ್ಲೆಗಳೂ ತೇಲುತ್ತಿರುವುವು. ಡೆಂಗೆ ಜ್ವರದ ದೆಸೆಯಿಂದ ಈ ಹೆಸರು ಈಗ ಹಳ್ಳಿಹಳ್ಳಿಗೂ ಪರಿಚಿತವಾಗಿದೆ. ಒಂದು ಘನ ಮಿಲಿಮೀಟರಿನಷ್ಟು ನೆತ್ತರಿನಲ್ಲಿ, ಎಂದರೆ ಸೂಜಿಯ ಮೊನೆಗೆ ಅಂಟುವ ಹನಿಯಲ್ಲಿ, ಇವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವುವು. ಇವುಗಳ ಆಯುಸ್ಸು ಏಳರಿಂದ ಹತ್ತು ದಿನ ಮಾತ್ರ.

ಅಡಿಗೆಮನೆಯಲ್ಲಿ ಈಳಿಗೆಮಣೆಗೆ ಬೆರಳು ತಗುಲಿತೆಂದು ತಿಳಿಯಿರಿ. ಕೊಯ್ದ ನಾಳವು ಮೊದಲು ತಾನೇ ಕುಗ್ಗಿ ಕಿರಿದಾಗುವುದು. ಬಳಿಕ ಪ್ಲೇಟ್‌ಲೆಟ್‌ಗಳು ಗಾಯದ ಅಂಚಿಗೆ ಬಂದು ಅಂಟಿ, ಒಂದನ್ನೊಂದು ಕರೆದು, ಗುಂಪಾಗಿ ಕೂಡಿ ಬಾಯನ್ನು ಮುಚ್ಚುವುವು. ಇದು ತಾತ್ಕಾಲಿಕವಾದ ಮಣ್ಣಿನ ಒಡ್ಡು. ಅದು ಕೊಚ್ಚಿ ಹೋಗದಂತೆ ನೆತ್ತರಿನ ನೀರಿನಲ್ಲಿ ಕರಗಿರುವ ಹಲವು ದ್ರವ್ಯಗಳು, ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚುವಂತೆ, ಒಂದನ್ನೊಂದು ಎಚ್ಚರಿಸುತ್ತ ಹೋಗುವುವು. ಕಟ್ಟಕಡೆಗೆ ಫೈಬ್ರಿನ್ ಎಂಬ ನವಿರಾದ ಎಳೆಗಳು ಹುಟ್ಟಿ, ಬಲೆಯಂತೆ ಹೆಣೆದುಕೊಂಡು, ಕೆಂಪು ಕಣಗಳನ್ನು ಸಿಕ್ಕಿಸಿಕೊಂಡು ಗಟ್ಟಿಯಾಗುವುವು. ಇದೇ ಗರಣೆ. ಈ ದ್ರವ್ಯಗಳಿಗೆ ಪಂಡಿತರು ಒಂದರಿಂದ ಹದಿಮೂರರವರೆಗೆ ಅಂಕಿಗಳನ್ನು ಕೊಟ್ಟಿರುವರು. ವಿನೋದವೆಂದರೆ, ಆರನೆಯದು ಪ್ರತ್ಯೇಕವಾದ ದ್ರವ್ಯವೇ ಅಲ್ಲವೆಂದು ಆಮೇಲೆ ತಿಳಿದುಬಂದದ್ದರಿಂದ ಆ ಅಂಕಿಯ ಮನೆ ಇಂದಿಗೂ ಖಾಲಿಯಾಗಿಯೇ ಇದೆ! ಇವುಗಳಲ್ಲಿ ಬಹುಪಾಲು ಯಕೃತ್ತಿನಲ್ಲಿ ತಯಾರಾಗುವುವು. ಕೆಲವಕ್ಕೆ ಸೊಪ್ಪಿನಲ್ಲಿ ದೊರೆಯುವ ಕೆ ಜೀವಸತ್ತ್ವವು ಅವಶ್ಯ.

ಗಾಯ ಮಾಯ್ದ ಬಳಿಕ ಈ ಒಡ್ಡನ್ನು ತೆಗೆದುಹಾಕುವ ಕೆಲಸಗಾರರೂ ನೆತ್ತರಿನಲ್ಲಿಯೇ ಇರುವರು. ಪ್ಲಾಸ್ಮಿನ್ ಎಂಬುದು ಆ ಎಳೆಗಳನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ದಾರಿಯನ್ನು ಸರಿಪಡಿಸುವುದು. ಹೀಗೆ ಕಟ್ಟುವವರೂ ಬಿಚ್ಚುವವರೂ ಹಗಲಿರುಳು ಸರಿತೂಕದಲ್ಲಿರುವುದರಿಂದಲೇ ನೆತ್ತರು ನಾಳದೊಳಗೆ ನೀರಾಗಿ ಹರಿದು, ನಾಳದ ಹೊರಗೆ ಗಟ್ಟಿಯಾಗುವುದು.

ತೂಕವು ಒಂದು ಕಡೆಗೆ ವಾಲಿದರೆ ನೆತ್ತರು ಹೆಪ್ಪುಗಟ್ಟುವುದೇ ಇಲ್ಲ. ಹುಟ್ಟಿನಿಂದಲೇ ಒಂದು ದ್ರವ್ಯದ ಕೊರತೆಯಿರುವ ಹಿಮೋಫಿಲಿಯಾ ರೋಗಿಗಳ ಅವಸ್ಥೆ ಇದೇ. ಈ ರೋಗಿಗಳಿಗಾಗಿ ದುಡಿಯುತ್ತಿರುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯು ಬೆಂಗಳೂರಿನಲ್ಲಲ್ಲ, ದಾವಣಗೆರೆಯಲ್ಲಿಯೇ ಬೆಳೆದದ್ದು. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿಯವರು ಸ್ವತಃ ಅದೇ ರೋಗವನ್ನು ಹೊತ್ತು ವೈದ್ಯರಾದವರು. ಇನ್ನು ಭದ್ರಾ ನಾಲೆಯ ಭತ್ತದ ಗದ್ದೆಗಳಲ್ಲಿ ಕೆಲಸ ಮಾಡುವವರು ಕೊಳಕುಮಂಡಲದ ಹಾವನ್ನು ಬಲ್ಲರು. ಅದರ ವಿಷವು ಮೈಯಲ್ಲೆಲ್ಲ ಒಂದೇ ಸಲಕ್ಕೆ ಹೆಪ್ಪನ್ನು ಎಚ್ಚರಿಸಿ, ಇದ್ದ ದ್ರವ್ಯಗಳನ್ನೆಲ್ಲ ಮುಗಿಸಿಬಿಡುವುದರಿಂದ, ಕೊನೆಗೆ ವಸಡಿನಿಂದಲೂ ಮೂತ್ರದಿಂದಲೂ ನೆತ್ತರು ಸೋರತೊಡಗುವುದು. ಹಾವು ಕಡಿದವನ ನೆತ್ತರನ್ನು ಶುಭ್ರವಾದ ಒಣ ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಬಳಿಕ ವಾಲಿಸಿ, ಹೆಪ್ಪುಗಟ್ಟಿದೆಯೇ ಇಲ್ಲವೇ ಎಂದು ವೈದ್ಯರು ನೋಡುವುದು ಇದಕ್ಕಾಗಿಯೇ. ಹಾವಿನ ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡತಕ್ಕದ್ದೆಂದು 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯವು ಆಜ್ಞೆ ಹೊರಡಿಸಿತು. ಅದು ಬೇರೆಯೇ ಒಂದು ಲೇಖನಕ್ಕೆ ವಿಷಯ, ಇಲ್ಲಿಗೆ ಬಿಡೋಣ.

ತೂಕವು ಇನ್ನೊಂದು ಕಡೆಗೆ ವಾಲಿದರೆ, ಗಾಯವಿಲ್ಲದೆಯೇ ನಾಳದೊಳಗೆ ಗರಣೆ ಕಟ್ಟುವುದು. ಭಾನುವಳ್ಳಿಯ ಗೃಹಸ್ಥರು ಕೇಳಿದ್ದು ಇದನ್ನೇ. ಬಾಗಿಲ ಕಾವಲುಗಾರನು ಮನೆಯೊಳಗೆ ಬಂದು ನಡುಮನೆಗೆ ಅಗುಳಿ ಹಾಕಿದಂತೆ. ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ವೈದ್ಯಪಂಡಿತನಾದ ರುಡಾಲ್ಫ್ ಫಿರ್ಕೋ ಎಂಬಾತನು, ಶ್ವಾಸಕೋಶದಲ್ಲಿ ಸಿಕ್ಕುವ ಗರಣೆಗಳು ಅಲ್ಲಿಯೇ ಹುಟ್ಟಿದವಲ್ಲ, ಕಾಲಿನ ನಾಳಗಳಿಂದ ಕಿತ್ತು ತೇಲಿಬಂದವು ಎಂದು ತೋರಿಸಿಕೊಟ್ಟನು. ಗರಣೆ ಕಟ್ಟಲು ಮೂರು ಕಾರಣಗಳೆಂದು ಆತನ ಹೆಸರಿನಲ್ಲಿಯೇ ವೈದ್ಯರು ಇಂದಿಗೂ ಪಾಠ ಹೇಳುವರು: ನೆತ್ತರಿನ ಓಟ ಮಂದವಾಗುವುದು, ನಾಳದ ಒಳಗೋಡೆಗೆ ಊನವಾಗುವುದು, ನೆತ್ತರೇ ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಾಗಿ ತಳೆಯುವುದು. ಮೂರರಲ್ಲಿ ಒಂದು ಬಲವಾಗಿದ್ದರೂ ಸಾಕು. ಎರಡು ಮೂರು ಕೂಡಿದರಂತೂ ಅಪಾಯವು ಹೆಚ್ಚು.

ಈಗ ಬಾಣಂತಿಯ ವಿಚಾರಕ್ಕೆ ಬರೋಣ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಹೆಚ್ಚು ನೆತ್ತರು ಹರಿಯುತ್ತಿರುವುದು. ಮಗು ಹುಟ್ಟಿ ಮಾಸು ಕಳಚಿದ ಕ್ಷಣದಲ್ಲಿ ಅಷ್ಟಗಲದ ಗಾಯವೊಂದು ಬಾಯ್ದೆರೆಯುವುದು. ಗರ್ಭಕೋಶವು ಬಿಗಿದುಕೊಂಡು ನಾಳಗಳನ್ನು ಹಿಸುಕಿ ಮುಚ್ಚಬೇಕು. ಅದರ ಬೆಂಬಲಕ್ಕೆ ನೆತ್ತರು ಬೇಗನೆ ಹೆಪ್ಪುಗಟ್ಟಬೇಕು. ಇಲ್ಲವಾದರೆ ತಾಯಿ ಕೆಲವೇ ನಿಮಿಷಗಳಲ್ಲಿ ನೆತ್ತರು ಹೋಗಿ ಸಾಯುವಳು. ಇದನ್ನು ಮುಂಗಂಡ ಪ್ರಕೃತಿಯು ಬಸಿರಿನ ತಿಂಗಳುಗಳಲ್ಲಿಯೇ ಹೆಪ್ಪಿನ ದ್ರವ್ಯಗಳನ್ನು ಹೆಚ್ಚಿಸಿ, ಕರಗಿಸುವ ಶಕ್ತಿಯನ್ನು ತಗ್ಗಿಸಿ, ಸಿದ್ಧತೆ ಮಾಡಿಡುವುದು. ಹೆರಿಗೆಯ ದಿನ ಪ್ರಾಣವನ್ನು ಉಳಿಸಿದ ಈ ಸಿದ್ಧತೆಯು ಮರುದಿನವೇ ಇಳಿದುಹೋಗುವುದಿಲ್ಲ. ಗರ್ಭಿಣಿಯಾಗಿರುವಾಗ ಗರಣೆಯ ಸಂಭವವು ಅದೇ ವಯಸ್ಸಿನ ಇತರ ಹೆಂಗಸರಿಗಿಂತ ನಾಲ್ಕೈದು ಪಾಲು ಹೆಚ್ಚು; ಹೆರಿಗೆಯ ತರುವಾಯದ ಮೊದಲ ಆರು ವಾರಗಳಲ್ಲಿ ಇನ್ನೂ ಹೆಚ್ಚು; ಹನ್ನೆರಡು ವಾರಗಳವರೆಗೂ ಪೂರ್ತಿಯಾಗಿ ತಗ್ಗುವುದಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರೆ ಮತ್ತಷ್ಟು. ಹಾಗೆಂದು ವಾಚಕರು ಗಾಬರಿಯಾಗಬೇಕಾದುದಿಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಇಂತಹ ತೊಂದರೆ ಕಾಣುವುದು. ಆದರೆ ಆ ಒಬ್ಬಳು ನಮ್ಮ ಮನೆಯ ಮಗಳಾಗಿದ್ದರೆ ಲೆಕ್ಕದಿಂದ ಸಮಾಧಾನವಾಗದಷ್ಟೆ.

ಗರಣೆಯು ಸಾಮಾನ್ಯವಾಗಿ ಕಟ್ಟುವುದು ಕಾಲಿನ ಒಳಗಡೆಯ, ಆಳದ ನಾಳಗಳಲ್ಲಿ. ಕಾಲಿನಿಂದ ಮೇಲಕ್ಕೆ ಹೃದಯದವರೆಗೆ ನೆತ್ತರನ್ನು ಏರಿಸುವುದು ಏತದ ಕೆಲಸವಿದ್ದಂತೆ. ಮೀನಖಂಡದ ಸ್ನಾಯುಗಳು ನಡೆಯುವಾಗ ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ದೂಡುವುವು. ಹೊರಸಿನ ಮೇಲೆ ಕದಲದೆ ಮಲಗಿರುವವರಲ್ಲಿ ಈ ಏತವು ನಿಂತುಹೋಗುವುದು. ಆಗ ಒಂದೇ ಕಾಲು, ಸಾಮಾನ್ಯವಾಗಿ ಬಸುರಿ ಬಾಣಂತಿಯರಲ್ಲಿ ಎಡಗಾಲು, ಊದಿ, ಬೆಚ್ಚಗಾಗಿ, ಮೀನಖಂಡದಲ್ಲಿಯೋ ತೊಡೆಯಲ್ಲಿಯೋ ನೋಯುವುದು. ಎರಡು ಕಾಲುಗಳೂ ಸಮನಾಗಿ ಊದುವುದು ಬೇರೆ. ಒಂದೇ ಕಾಲು ಊದುವುದು ಬೇರೆ. ಈ ಭೇದವನ್ನು ಮನೆಯವರು ಗಟ್ಟಿಯಾಗಿ ನೆನಪಿಟ್ಟುಕೊಳ್ಳತಕ್ಕದ್ದು. ಒಂದೇ ಕಾಲು ಊದಿದ್ದರೆ, ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿರಿ. ನೀವುವ ಕೈಯ ಒತ್ತಡಕ್ಕೆ ಗರಣೆಯು ಕಿತ್ತು ಮೇಲೇರಿ, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ನಾಳಕ್ಕೆ ಬಿರಡೆಯಂತೆ ಸಿಕ್ಕಿಕೊಳ್ಳಬಹುದು. ಹಾಗಾದಾಗ ಇದ್ದಕ್ಕಿದ್ದಂತೆ ಏದುಸಿರು ಬರುವುದು. ಉಸಿರೆಳೆದರೆ ಎದೆಯಲ್ಲಿ ಚುಚ್ಚುವುದು. ಕೆಲವೊಮ್ಮೆ ಕಫದಲ್ಲಿ ನೆತ್ತರು ಕಾಣುವುದು. ಎದ್ದು ನಿಂತವಳು ಹಾಗೆಯೇ ಕುಸಿಯಲೂಬಹುದು. ಇದು ಗಂಟೆಗಳಲ್ಲಲ್ಲ, ನಿಮಿಷಗಳಲ್ಲಿ ಲೆಕ್ಕ ಹಾಕಬೇಕಾದ ಅಪಾಯ.

ಭಾನುವಳ್ಳಿಯ ಮಗಳಿಗೆ ಆದದ್ದು ಕಾಲಿನಲ್ಲಲ್ಲ, ತಲೆಯಲ್ಲಿ. ಮಿದುಳಿಗೆ ಹೋದ ನೆತ್ತರು ಹಿಂತಿರುಗಲು ತಲೆಬುರುಡೆಯ ಒಳಗೋಡೆಯ ಉದ್ದಕ್ಕೂ ಅಗಲವಾದ ಕಾಲುವೆಗಳಿವೆ. ಅವುಗಳಲ್ಲಿ ಒಂದು ಮುಚ್ಚಿದರೆ, ಕೋಡಿ ಕಟ್ಟಿದ ಕೆರೆಯಲ್ಲಿ ನೀರೇರಿದಂತೆ, ಹಿಂದೆ ನೆತ್ತರು ತುಂಬಿ ತಲೆಯೊಳಗೆ ಒತ್ತಡ ಹೆಚ್ಚುವುದು. ಮೊದಲ ಲಕ್ಷಣವು ಹತ್ತರಲ್ಲಿ ಒಂಬತ್ತು ಮಂದಿಗೆ ತಲೆನೋವು. ಅದು ದಿನದಿನಕ್ಕೆ ಏರುವುದು, ಮಲಗಿದರೂ ಕೆಮ್ಮಿದರೂ ಹೆಚ್ಚುವುದು, ಮಾತ್ರೆಗೆ ಬಗ್ಗದು. ಬಳಿಕ ವಾಂತಿ, ಕಣ್ಣು ಮಂಜಾಗುವುದು, ಫಿಟ್ಸು, ಒಂದು ಕಡೆಯ ಕೈಕಾಲು ಸೋಲುವುದು, ಮಂಪರು. ಬಾಣಂತಿಗೆ ಫಿಟ್ಸು ಬಂದರೆ ನಮ್ಮ ಕಡೆ ಇಂದಿಗೂ "ಬಾಣಂತಿ ಸನ್ನಿ" ಎಂದು ಹೇಳುವುದುಂಟು. ಸನ್ನಿಯೆಂಬ ಒಂದೇ ಹೆಸರಿನ ಚೀಲದಲ್ಲಿ ಎಷ್ಟು ಬೇರೆ ಬೇರೆ ರೋಗಗಳು ಸೇರಿಹೋಗಿದ್ದವೋ! ರಕ್ತದ ಒತ್ತಡ ಏರಿ ಬರುವ ಫಿಟ್ಸು, ಸೋಂಕಿನ ಜ್ವರದ ಫಿಟ್ಸು, ಮಿದುಳಿನ ಗರಣೆಯಿಂದ ಬರುವ ಫಿಟ್ಸು, ಎಲ್ಲಕ್ಕೂ ಅದೇ ಹೆಸರು, ಎಲ್ಲಕ್ಕೂ ಅದೇ ಹೊಗೆ. ಎಷ್ಟು ಮಂದಿ ಹೆಣ್ಣುಮಕ್ಕಳು ಈ ಹೆಸರಿನ ಕೆಳಗೆ ತೀರಿಕೊಂಡರೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಈ ರೋಗವನ್ನು ಸನ್ನಿಯ ಚೀಲದಿಂದ ಹೊರತೆಗೆದು ಬೆಳಕಿಗೆ ತಂದವರಲ್ಲಿ ನಮ್ಮ ನಾಡಿನ ವೈದ್ಯರೂ ಇರುವರೆಂಬುದು ಅಭಿಮಾನಪಡತಕ್ಕ ಸಂಗತಿ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೆ, ಎಂದರೆ ಜನರು ನಿಮ್ಹಾನ್ಸ್ ಎಂದು ಕರೆಯುವ ಆಸ್ಪತ್ರೆಗೆ, ಹಳ್ಳಿಗಳಿಂದ ಇಂತಹ ಬಾಣಂತಿಯರು ಬಹುಮಂದಿ ಬರುತ್ತಿದ್ದರು. ಪಶ್ಚಿಮ ದೇಶಗಳ ವೈದ್ಯರಿಗೆ ಅಪರೂಪವಾಗಿ ಕಾಣುತ್ತಿದ್ದುದು ಇಲ್ಲಿ ಅಪರೂಪವಾಗಿರಲಿಲ್ಲ. ಡಾ. ಡಿ. ನಾಗರಾಜ ಮತ್ತು ಅವರ ಸಂಗಡಿಗರು ಬಾಣಂತಿಯರ ಈ ರೋಗದಲ್ಲಿ ಹೆಪಾರಿನ್ ಎಂಬ ಮದ್ದಿನ ಗುಣವನ್ನು ಪರೀಕ್ಷಿಸಿ 1995ರಲ್ಲಿ ವರದಿ ಮಾಡಿದರು. ನೆತ್ತರಿನಲ್ಲಿ ಬಿ-12 ಜೀವಸತ್ತ್ವವೂ ಫೋಲಿಕ್ ಆಮ್ಲವೂ ಕಡಿಮೆಯಾದಾಗ ಹೋಮೋಸಿಸ್ಟೀನ್ ಎಂಬ ದ್ರವ್ಯ ಹೆಚ್ಚುವುದಷ್ಟೆ. ಅದಕ್ಕೂ ಈ ಗರಣೆಗೂ ಸಂಬಂಧವಿರುವುದನ್ನೂ ಅಲ್ಲಿಯ ಶೋಧನೆಗಳು ತೋರಿಸಿವೆ. ಸಸ್ಯಾಹಾರದ ಮನೆಗಳಲ್ಲಿ ಬಾಣಂತಿಗೆ ಹಾಲು ಮೊಸರುಗಳನ್ನು ನಂಜೆಂದು ತಪ್ಪಿಸುವವರು ಈ ಮಾತನ್ನು ಗಮನಿಸಬೇಕು. ಬಿ-12 ಅವರಿಗೆ ದೊರೆಯುವ ಮುಖ್ಯವಾದ ದಾರಿ ಅದೇ. ಆಸ್ಪತ್ರೆಯ ಹೆರಿಗೆ ಹೆಚ್ಚಿದಂತೆ ಬಾಣಂತಿಯರ ಪಾಲು ಇಳಿದು, ಈಚೆಗೆ ಭಾರತದ ಕೆಲವು ಆಸ್ಪತ್ರೆಗಳಲ್ಲಿ ಗಂಡಸರೇ ಈ ರೋಗದಿಂದ ಹೆಚ್ಚಾಗಿ ಬರುತ್ತಿರುವರು. ಅವರಲ್ಲಿ ಹಲವರಿಗೆ ಕುಡಿತವು ಕಾರಣದ ಸಾಲಿನಲ್ಲಿ ನಿಂತಿದೆ.

ಹಾಗಾದರೆ ಆರೈಕೆಯಲ್ಲಿ ಕೊರತೆಯಾಯಿತೆ? ಇಂತಹುದೇ ಒಂದು ಕಾರಣವೆಂದು ಒಬ್ಬ ರೋಗಿಯ ವಿಷಯದಲ್ಲಿ ಬೆರಳಿಟ್ಟು ಹೇಳಲು ವೈದ್ಯರಿಗೂ ಸಾಧ್ಯವಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಯಲ್ಲಿಯೂ ಇದು ಬರುವುದುಂಟು. ನೆತ್ತರಿನ ಸ್ವಭಾವವು ವಂಶದಿಂದ ಬಂದಿರುವುದೂ ಉಂಟು. ಆದಕಾರಣ ಆ ಮನೆಯ ಅಜ್ಜಿಯು ತನ್ನನ್ನು ತಾನು ಹಳಿದುಕೊಳ್ಳಬೇಕಾಗಿಲ್ಲ. ಹಳೆಯ ಬಾಣಂತನದಲ್ಲಿ ಒಳ್ಳೆಯದು ಬಹಳವಾಗಿದೆ. ಹೆತ್ತವಳನ್ನು ದುಡಿಮೆಯಿಂದ ಬಿಡಿಸಿ ತವರಿನಲ್ಲಿಡುವುದು, ಹೊತ್ತಿಗೆ ಸರಿಯಾಗಿ ಬಿಸಿಯೂಟ ಬಡಿಸುವುದು, ಕೊಬ್ಬರಿ ಬೆಲ್ಲದ ಅಂಟಿನುಂಡೆ, ಮೈಗೆ ಎಣ್ಣೆ, ಬಿಸಿನೀರು, ನಿದ್ರೆ, ಇವುಗಳನ್ನು ಯಾವ ಹೊಸ ವಿದ್ಯೆಯೂ ತೆಗೆದುಹಾಕಲಾರದು. ಆದರೆ ಎರಡು ಪದ್ಧತಿಗಳನ್ನು ಮಾತ್ರ ನಾವು ಬಿಡಲೇಬೇಕೆಂದು ಕೇಳಿಕೊಳ್ಳುವೆವು.

ಒಂದು, ನೀರನ್ನು ತಡೆಯುವುದು. ಬಾಣಂತಿಯು ನೀರು ಕುಡಿದರೆ ಹೊಟ್ಟೆ ಬರುವುದೆಂದೂ, ಮಗುವಿಗೆ ಶೀತವಾಗುವುದೆಂದೂ, ಹೊಲಿಗೆಯು ಮಾಯುವುದಿಲ್ಲವೆಂದೂ ಹೇಳಿ, ದಿನಕ್ಕೆರಡು ಲೋಟ ಕಾಯಿಸಿದ ನೀರನ್ನು ಅಳೆದು ಕೊಡುವ ಮನೆಗಳು ಇನ್ನೂ ಇವೆ. ಲೆಕ್ಕ ಹಾಕಿ ನೋಡಿರಿ. ಹಾಲು ಚೆನ್ನಾಗಿ ಇಳಿದ ತಾಯಿಯ ಮೈಯಿಂದ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಹಾಲಾಗಿಯೇ ಹೋಗುವುದು. ಹೆರಿಗೆಯ ನೆತ್ತರು ಹೋಗಿರುವುದು. ಹೊರಸಿನ ಕೆಳಗಿನ ಕೆಂಡದ ಕಾವಿಗೆ, ಮುಚ್ಚಿದ ಕಿಟಕಿಗೆ, ತಲೆಯ ಬಟ್ಟೆಗೆ ಬೆವರು ಹರಿಯುವುದು. ಹೀಗೆ ನಾಲ್ಕು ಕಡೆಯಿಂದ ತೆಗೆದು, ತುಂಬುವ ಬಾಯನ್ನು ಮುಚ್ಚಿದರೆ, ಮೊದಲೇ ಹೆಪ್ಪುಗಟ್ಟಲು ಸಿದ್ಧವಾಗಿರುವ ನೆತ್ತರು ಗಟ್ಟಿಯಾಗದೆ ಏನಾದೀತು? ಮೈಯ ನೀರು ಬತ್ತುವುದು ಈ ರೋಗಕ್ಕೆ ಒಂದು ಕಾರಣವೆಂದು ವೈದ್ಯರು ಎಣಿಸುವರು. ಹೊಟ್ಟೆ ಬರುವುದಕ್ಕೂ ನೀರಿಗೂ ಸಂಬಂಧವಿಲ್ಲ. ಬಾಣಂತಿಯು ಬಾಯಾರಿದಾಗಲೆಲ್ಲ, ಮಗುವಿಗೆ ಹಾಲೂಡಿಸುವಾಗಲೆಲ್ಲ, ಒಂದು ಲೋಟ ನೀರು ಕುಡಿಯಲಿ. ಕಾಯಿಸಿ ಆರಿಸಿದ್ದೇ ಆಗಲಿ, ಜೀರಿಗೆಯ ಕಷಾಯವೇ ಆಗಲಿ, ತಿಳಿಸಾರೇ ಆಗಲಿ. ಅಳತೆ ಮಾತ್ರ ಬೇಡ. ಕೆಂಡದ ವಿಷಯದಲ್ಲಿ ಇನ್ನೊಂದು ಮಾತು: ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆಯು ತಾಯಿಗೂ ಕೂಸಿಗೂ ವಿಷ. ತಲೆನೋವಿಗೆ ಅದೂ ಒಂದು ಕಾರಣವಾದೀತು.

ಎರಡು, ಕದಲದಂತೆ ಮಲಗಿಸುವುದು. ವಿಶ್ರಾಂತಿ ಬೇರೆ, ಅಲುಗದೆ ಬಿದ್ದಿರುವುದು ಬೇರೆ. ಸಹಜವಾದ ಹೆರಿಗೆಯಾದವಳು ಕೆಲವು ಗಂಟೆಗಳಲ್ಲಿಯೇ ಎದ್ದು ಓಡಾಡಬಹುದು. ಹೊಟ್ಟೆ ಕೊಯ್ದವಳನ್ನೂ ಮರುದಿನದೊಳಗೆ ದಾದಿಯರು ಎಬ್ಬಿಸಿ ನಡೆಯಿಸುವುದನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕಂಡಿರಬಹುದು. ಅದನ್ನು ಕಂಡು "ಕರುಣೆಯಿಲ್ಲದವರು" ಎಂದು ಗೊಣಗುವ ಹಿರಿಯರೂ ಉಂಟು. ದಾದಿಯ ಉದ್ದೇಶ ಮೀನಖಂಡದ ಆ ಏತವನ್ನು ಹೂಡುವುದು. ಮನೆಗೆ ಬಂದ ಮೇಲೆ ಆ ಅಭ್ಯಾಸವನ್ನು ಕೈಬಿಡಬಾರದು. ಹಿತ್ತಲಿಗೆ, ಬಚ್ಚಲಿಗೆ, ನಡುಮನೆಗೆ ಅವಳು ತಾನೇ ನಡೆಯಲಿ. ಮಲಗಿರುವಾಗಲೂ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಇದೇ ಮಾತು ತೊಡೆಯ ಮೂಳೆ ಮುರಿದು ಮಲಗಿರುವ ಮುದುಕರಿಗೂ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಬಸ್ಸಿನಲ್ಲಿ ಕಾಲು ಮಡಿಸಿ ಕೂರುವವರಿಗೂ ಸಲ್ಲುವುದು.

ಹೆಂಗಸರ ವಿಷಯವನ್ನೇ ಹೇಳುತ್ತಿರುವಾಗ ಇದನ್ನೂ ಸೇರಿಸುವೆವು. ಹಬ್ಬಕ್ಕೋ ಮದುವೆಗೋ ಮುಟ್ಟನ್ನು ಮುಂದೂಡಲು ಔಷಧದ ಅಂಗಡಿಯಿಂದ ತಾವೇ ಮಾತ್ರೆ ತರಿಸಿ ನುಂಗುವ ರೂಢಿಯು ಬಹಳ ಹಬ್ಬಿದೆ. ಗರ್ಭನಿರೋಧದ ಮಾತ್ರೆಗಳಲ್ಲಿ ಈಸ್ಟ್ರೊಜನ್ ಇರುವವು ಗರಣೆಯ ಸಂಭವವನ್ನು ಹೆಚ್ಚಿಸುವುವು. ಮುಟ್ಟು ಮುಂದೂಡುವ ಮಾತ್ರೆಗಳೂ ಎಲ್ಲರಿಗೂ ನಿರಪಾಯವಲ್ಲ. ಹಿಂದೆ ಕಾಲಿನಲ್ಲಿಯೋ ತಲೆಯಲ್ಲಿಯೋ ಗರಣೆ ಕಟ್ಟಿದವರೂ, ಮನೆತನದಲ್ಲಿ ಇದು ಇರುವವರೂ, ಬಾಣಂತಿಯರೂ ಡಾಕ್ಟರನ್ನು ಕೇಳದೆ ಅವುಗಳನ್ನು ಮುಟ್ಟಲೇಬಾರದು.

ಗರಣೆಯು ಶುದ್ಧರಕ್ತದ ನಾಳದಲ್ಲಿ ಕಟ್ಟಿದರೆ ಅದು ಬೇರೆಯೇ ಬಗೆಯ ಕೇಡು. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮಿದುಳಿನ ನಾಳದಲ್ಲಾದರೆ ಪಾರ್ಶ್ವವಾಯು. ನಾಳದ ಗೋಡೆಯಲ್ಲಿ ವರ್ಷಗಳಿಂದ ಕೂಡಿದ ಜಿಡ್ಡು ಬಿರಿದು, ಅದರ ಮೇಲೆ ಗರಣೆ ಕೂರುವುದು. ತಂಬಾಕು, ರಕ್ತದೊತ್ತಡ, ಸಿಹಿಮೂತ್ರ ಇವುಗಳ ಕಥೆಯನ್ನು ಈ ಪುಟಗಳಲ್ಲಿ ಮತ್ತೆ ವಿಸ್ತರಿಸುವುದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಹೃದಯ ಜ್ಯೋತಿ ಎಂಬ ಯೋಜನೆಯನ್ನು ಹೂಡಿತು. ಅದರಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವಿನವರ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಅವಶ್ಯವಿದ್ದರೆ ಗರಣೆಯನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವರು. ಪಾರ್ಶ್ವವಾಯುವಿಗಾದರೆ ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡತಕ್ಕದ್ದು. ಅದೂ ಸ್ಕ್ಯಾನಿಂಗಿನಲ್ಲಿ ರಕ್ತಸ್ರಾವವಿಲ್ಲವೆಂದು ಕಂಡ ಮೇಲೆ. ಬಾಯಿ ಸೊಟ್ಟಗಾದವರಿಗೆ ಮನೆಯಲ್ಲಿ ಆಸ್ಪಿರಿನ್ ಕೊಡಬಾರದೆಂಬುದು ಇದಕ್ಕಾಗಿಯೇ. ಗರಣೆಯಲ್ಲದೆ ಸ್ರಾವವೇ ಕಾರಣವಾಗಿದ್ದರೆ ಅದು ಕೇಡನ್ನು ಹೆಚ್ಚಿಸುವುದು.

ಇನ್ನು ಚಿಕಿತ್ಸೆಯ ಮಾತು. ಹೆಪಾರಿನ್ ಚುಚ್ಚುಮದ್ದನ್ನು 1916ರಲ್ಲಿ ಅಮೆರಿಕದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಯು ನಾಯಿಯ ಯಕೃತ್ತಿನಿಂದ ಮೊದಲು ಪಡೆದನು. ಅದು ಕಟ್ಟಿದ ಗರಣೆಯನ್ನು ತಾನೇ ಕರಗಿಸುವುದಿಲ್ಲ; ಬೆಳೆಯದಂತೆ ತಡೆದು, ಕರಗಿಸುವ ಕೆಲಸವನ್ನು ಮೈಗೆ ಬಿಡುವುದು. ಮಾತ್ರೆಯಾದ ವಾರ್ಫರಿನ್ನಿನ ಕಥೆ ರೈತರಿಗೆ ಹಿಡಿಸುವಂತಹುದು. 1920ರ ದಶಕದಲ್ಲಿ ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಬೂಷ್ಟು ಹಿಡಿದ ಒಂದು ಬಗೆಯ ಮೇವನ್ನು ತಿಂದ ದನಗಳು, ಕೊಂಬು ಕೊಯ್ದರೆ ಸಾಕು, ನೆತ್ತರು ನಿಲ್ಲದೆ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ಪ್ರಾಂತ್ಯದ ಒಬ್ಬ ಒಕ್ಕಲಿಗನು ಸತ್ತ ಕಡಸನ್ನೂ, ಹಾಲಿನ ಡಬ್ಬಿಯೊಂದರಲ್ಲಿ ಹೆಪ್ಪುಗಟ್ಟದ ನೆತ್ತರನ್ನೂ ಹೇರಿಕೊಂಡು ಹಿಮದ ಬಿರುಗಾಳಿಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಬಂದನು. ಅಲ್ಲಿನ ರಸಾಯನಪಂಡಿತ ಕಾರ್ಲ್ ಲಿಂಕನು ವರ್ಷಗಟ್ಟಲೆ ದುಡಿದು ಆ ಮೇವಿನ ವಿಷವನ್ನು ಬೇರ್ಪಡಿಸಿದನು. ಅದರ ಸಂತತಿಯಾದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಮಾರಾಟವಾಗಿ, 1954ರಿಂದ ಮನುಷ್ಯರ ಮದ್ದಾಯಿತು.

ಇದು ಕೆ ಜೀವಸತ್ತ್ವಕ್ಕೆ ಅಡ್ಡ ಬಂದು ಕೆಲಸ ಮಾಡುವುದರಿಂದ, ಮಾತ್ರೆ ನುಂಗುವವರು ಒಂದು ವಾರ ಸೊಪ್ಪನ್ನೇ ಬಿಟ್ಟು, ಮುಂದಿನ ವಾರ ದಿನವೂ ಬಸ್ಸಾರು ಉಂಡರೆ ಮದ್ದಿನ ತೂಕ ಕೆಡುವುದು. ಸೊಪ್ಪು ಬಿಡಬೇಕಾಗಿಲ್ಲ, ಒಂದೇ ಹದದಲ್ಲಿ ಉಣ್ಣಬೇಕು. ಡಾಕ್ಟರು ಹೇಳಿದ ದಿನಗಳಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಅವರನ್ನು ಕೇಳದೆ ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧಿಯನ್ನಾಗಲಿ ಬೆರೆಸಕೂಡದು. ಗುಣವಾಯಿತೆಂದು ನಡುವೆ ನಿಲ್ಲಿಸಕೂಡದು. ಹೆಪಾರಿನ್ನಿನಲ್ಲಿಯೂ ವಾರ್ಫರಿನ್ನಿನಲ್ಲಿಯೂ ಇರುವ ತಾಯಿಯು ಮಗುವಿಗೆ ಧಾರಾಳವಾಗಿ ಹಾಲೂಡಿಸಬಹುದು. "ಮದ್ದಿನ ಹಾಲು" ಎಂದು ಕೂಸನ್ನು ಬಿಡಿಸುವುದು ತಪ್ಪು. ಹೊಸದಾಗಿ ಬಂದಿರುವ ಇತರ ಮಾತ್ರೆಗಳಿಗೆ ಈ ಮಾತು ಸಲ್ಲದು. ಆದ್ದರಿಂದ ಹಾಲೂಡಿಸುತ್ತಿರುವ ಸಂಗತಿಯನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಬಾಣಂತಿಗೆ ತಲೆನೋವು ಬಂದೊಡನೆ ಮಿದುಳಿನ ಗರಣೆಯೆಂದೇ ತಿಳಿಯಬೇಕಾಗಿಲ್ಲ. ನಿದ್ರೆಗೆಟ್ಟರೂ ಬಂದೀತು, ಬೆನ್ನಿಗೆ ಕೊಟ್ಟ ಅರಿವಳಿಕೆಯ ತರುವಾಯವೂ ಬಂದೀತು, ಅದು ಎದ್ದು ಕೂತರೆ ಹೆಚ್ಚಿ, ಮಲಗಿದರೆ ತಗ್ಗುವುದು. ಆದರೆ ಎರಡನೆಯ ದಿನಕ್ಕೂ ಏರುತ್ತಿರುವ ತಲೆನೋವು, ವಾಂತಿಯೊ ಕಣ್ಣು ಮಂಜೋ ಕೂಡಿದ ತಲೆನೋವು, ಒಂದೇ ಕಾಲಿನ ಊತ, ಇವಕ್ಕೆ ಮನೆಯ ಮದ್ದಿಲ್ಲ. ಅಂದೇ ತೋರಿಸತಕ್ಕದ್ದು. ಫಿಟ್ಸು, ಏದುಸಿರು, ಕೈಕಾಲಿನ ಸೋಲು ಕಂಡರೆ 108ಕ್ಕೆ ಕರೆ ಮಾಡಿ. ಈ ವಾಹನಗಳು 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿವೆ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಹದಿನೈದು ಕಿಲೋಮೀಟರು. ದೊಡ್ಡ ಆಸ್ಪತ್ರೆಗಳೂ ವೈದ್ಯಕಾಲೇಜುಗಳೂ ಅಲ್ಲಿವೆ. ಇನ್ನೊಂದು ಅನುಕೂಲವುಂಟು: ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನ ಬಂದು ಹೋಗತಕ್ಕದ್ದೆಂಬ ಕಟ್ಟಳೆಯಿದೆ. ಅವಳು ಬಂದಾಗ ಕೂಸನ್ನು ಮಾತ್ರ ತೋರಿಸಿ ಕಳುಹಿಸದೆ, ತಾಯಿಯ ತಲೆನೋವನ್ನೂ ಕಾಲನ್ನೂ ಹೇಳಿಕೊಳ್ಳಲು ಬಿಡಿರಿ.

ಭಾನುವಳ್ಳಿಯ ಗೃಹಸ್ಥರಿಗೆ ಕಡೆಯದಾಗಿ ಒಂದು ಮಾತು. ಈ ರೋಗದಿಂದ ಹೊರಬಂದವರಲ್ಲಿ ಹೆಚ್ಚಿನವರು ಪೂರ್ತಿ ಗುಣ ಹೊಂದುವರು. ಮುಂದೆ ಮಕ್ಕಳಾಗಬಾರದೆಂಬ ನಿಯಮವೂ ಇಲ್ಲ. ಆದರೆ ಮುಂದಿನ ಬಸಿರು ನಿಂತ ಮೊದಲ ತಿಂಗಳಲ್ಲಿಯೇ ನಿಮ್ಮ ಮಗಳು ಡಾಕ್ಟರಿಗೆ ಈ ಸಂಗತಿಯನ್ನು ತಿಳಿಸಬೇಕು. ಅವರು ಬಸಿರಿನಲ್ಲಿಯೂ ಬಾಣಂತನದಲ್ಲಿಯೂ ಹೆಪಾರಿನ್ ಚುಚ್ಚುಮದ್ದನ್ನು ಮುಂಜಾಗ್ರತೆಗಾಗಿ ಕೊಡಬಹುದು. ವಾರ್ಫರಿನ್ ಇನ್ನೂ ನಡೆಯುತ್ತಿದ್ದರೆ, ಅದು ಬಸಿರಿನ ಶಿಶುವಿಗೆ ಕೇಡಾದುದರಿಂದ, ಬಸಿರಿಗೆ ಮುಂಚೆಯೇ ಅವರ ಸಲಹೆ ಪಡೆದು ಬದಲಿಸಿಕೊಳ್ಳತಕ್ಕದ್ದು. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನೂ ಸ್ಕ್ಯಾನಿಂಗಿನ ಚಿತ್ರಗಳನ್ನೂ ಎಸೆಯದೆ, ಜಮೀನಿನ ಪಹಣಿಯೊಂದಿಗೇ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿರಿ. ಅಳಿಯಂದಿರ ಮನೆಗೂ ಅದರ ಒಂದು ಪ್ರತಿಯನ್ನು ಕಳುಹಿಸಿರಿ.